ಹುದಲಿಗೆ ಬಿದ್ದ ಗುಂಡಗಡಗಿ

ಆಗ ನಮ್ಮ ಮನೆಯಲ್ಲಿ ಯಾರೂ ಯಾವುದನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ಹಾಲು ಬಂದರೆ ಬೆರಳು ಅದ್ದಿ ನೋಡಬೇಕು, ಬೆಲ್ಲ ಬಂದರೆ ಮೂಸಿ ನೋಡಬೇಕು, ಬಾಗಿಲಿಗೆ ಗುರುತಿಲ್ಲದವರು ಬಂದರೆ ಅವರ ಮಾತಿಗಿಂತ ಮೊದಲು ಅವರ ಕಾಲು ನೋಡಬೇಕು. ಇದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹಾಕಿಕೊಟ್ಟ ರಿವಾಜು. “ನೆಚ್ಚಿದ ಎಮ್ಮಿ ಕೋಣ ಈಯ್ತಂತ. ಯಾರನ್ನೂ ನೆಚ್ಚಬ್ಯಾಡ್ರಿ” ಅನ್ನುತ್ತಿದ್ದಳು. ಈಗ ನನ್ನ ಗಂಡ, “ನೀ ಪೊಲೀಸ್ ಖಾತೆಗೆ ಹೋಗಬೇಕಿತ್ತು ನೋಡು” ಎಂದು ಚಾಷ್ಟಿ ಮಾಡುತ್ತಾನೆ. ಅವನಿಗೇನು ಗೊತ್ತು? ನಾನು ಬೆಳೆದದ್ದು ಹುದಲಿನ ದಂಡೆಗೆ.

ನಮ್ಮೂರು ಅಫಜಲಪುರ ತಾಲೂಕಿನಲ್ಲಿ, ಮಣ್ಣೂರಿಗೂ ಘತ್ತರಗಿಗೂ ನಡುವೆ ಭೀಮಾ ನದಿಯ ಮಗ್ಗುಲಿಗೆ. ಊರಿಗೂ ನಮ್ಮ ಹೊಲಕ್ಕೂ ನಡುವೆ ಹೊಳೆ ಎಂದೋ ಹರಿದು ಬಿಟ್ಟುಹೋದ ಹಳೆಯ ತಗ್ಗು. ಮಳೆಗಾಲದಲ್ಲಿ ಅದು ತುಂಬುತ್ತಿತ್ತು, ಚಳಿಗಾಲಕ್ಕೆ ನೀರಿಳಿದು ಮೊಣಕಾಲುದ್ದ ಕೆಸರು ಉಳಿಯುತ್ತಿತ್ತು. ಅದೇ ಹುದಲು. ಆಳೆತ್ತರದ ಆಪು ಹುಲ್ಲು, ಅದರ ನಡುವೆ ಕರ್ರಗಿನ ನೀರು, ಕೊಳೆತ ಎಲೆಯ ವಾಸನೆ. ರಸ್ತೆ ಹಿಡಿದು ಸುತ್ತಿ ಬಂದರೆ ಹೊಲ ದೂರ, ಹುದಲು ದಾಟಿದರೆ ಹತ್ತಿರ. ಎಮ್ಮೆಗಳು ತುಳಿದು ತುಳಿದು ಮಾಡಿದ ಒಂದು ದಾರಿ ಇತ್ತು, ನಾವು ಅದರಲ್ಲೇ ಓಡಾಡುತ್ತಿದ್ದೆವು.

ಆ ಹುದಲಿನಲ್ಲಿ ಏನಿಲ್ಲ ಅನ್ನುವಂತಿರಲಿಲ್ಲ. ಜಿಗಣೆ ಇತ್ತು, ಒಡ್ಡಿನ ಬಿಲದಲ್ಲಿ ಕೊಳಕಮಂಡಲ ಇತ್ತು, ಆಪಿನೊಳಗೆ ಮರಿ ಹಾಕಿದ ಅಡವಿ ಹಂದಿ ಇತ್ತು. ನೆರೆ ಬಂದಾಗ ಹೊಳೆಯಿಂದ ಒಳಗೆ ಸರಿದು ಅಲ್ಲೇ ಉಳಿದ ಒಂದು ಮೊಸಳೆಯೂ ಇತ್ತು. ಅದನ್ನು ಕಣ್ಣಾರೆ ಕಂಡವರಿಗಿಂತ ಕಂಡೆ ಎಂದು ಹೇಳುವವರೇ ಹೆಚ್ಚು. ಆಯಿ ಮಾತ್ರ ಕಾಣದಿದ್ದರೂ ಅದು ಇದೆ ಎಂದೇ ನಡೆಯುತ್ತಿದ್ದಳು. ಮುಂದೆ ಅವಳ ಬಡಿಗೆ, ಬಡಿಗೆಯ ಹಿಂದೆ ಅವಳ ಕಾಲು, ಅವಳು ಕಾಲು ಎತ್ತಿದ ಜಾಗದಲ್ಲೇ ನಮ್ಮ ಕಾಲು. ಆಪನ್ನು ಬಡಿಗೆಯಿಂದ ಬಡಿದು ಸಪ್ಪಳ ಮಾಡದೆ ಒಳಗೆ ಹೋಗುವಂತಿಲ್ಲ. ಬೆಳ್ಳಕ್ಕಿಗಳು ಕಾರಣವಿಲ್ಲದೆ ಒಮ್ಮೆಲೇ ಎದ್ದರೆ ನಿಲ್ಲಬೇಕು. ಕೈ ಕಾಲು ತೊಳೆಯಲು ದಿನಾ ಒಂದೇ ಕಡೆ ಇಳಿಯಬಾರದು.

“ಯಾಕ ಆಯಿ?” ಎಂದು ಕೇಳಿದ್ದೆ.

“ಮೊಸಳಿ ನಿನ್ನ ಮಾರಿ ನೋಡಂಗಿಲ್ಲಬೇ, ನಿನ್ನ ರೂಢಿ ನೋಡ್ತದ. ದಿನಾ ಅಲ್ಲೇ ಇಳದ್ರ ಒಂದಿನ ಅದೂ ಅಲ್ಲೇ ಬಂದು ಕುಂದುರ್ತದ.”

ಇಂಥ ಮನೆಗೆ ಸೊಸೆಯಾಗಿ ಬಂದವಳು ನಮ್ಮ ಚಿಗವ್ವ, ಕಾಕಾನ ಹೆಂಡತಿ ನೀಲಮ್ಮ. ಆಳಂದ ಕಡೆಯವಳು. ಅವರೂರಲ್ಲಿ ಹೊಳೆಯಿಲ್ಲ, ಕೆರೆಯೂ ಅಷ್ಟಕ್ಕಷ್ಟೇ. ಮೊದಲ ಸಲ ಭೀಮೆಯನ್ನು ನೋಡಿದಾಗ, “ಇಷ್ಟ್ ನೀರ ಒಂದೇ ಕಡಿ ಯಾಕ ಇಟ್ಟಾರ್ರಿ?” ಎಂದು ಕೇಳಿ ಎಲ್ಲರನ್ನೂ ನಗಿಸಿದ್ದಳು. ಆಯಿ ಮಾತ್ರ ನಗಲಿಲ್ಲ. ಯಾವಾಗಲೂ ನಗುತ್ತಿದ್ದ ಚಿಗವ್ವನ ಮೇಲೆ ಆಯಿಗೆ ಮೊದಲಿನಿಂದಲೇ ಗುಮಾನಿ. ಅವಳು ಸಾರಿಗೆ ಉಪ್ಪು ಹಾಕಿದರೆ ಆಯಿ ಇನ್ನೊಮ್ಮೆ ರುಚಿ ನೋಡುತ್ತಿದ್ದಳು. ಅವಳು ಕದ ಮುಚ್ಚಿದರೆ ಆಯಿ ಹೋಗಿ ಅಗಳಿ ಮುಟ್ಟಿ ಬರುತ್ತಿದ್ದಳು. ನನಗೆ ಚಿಗವ್ವ ಅಂದರೆ ಜೀವ. ನನ್ನ ತಲೆ ಬಾಚಿ, ಎರಡು ಜಡೆ ಹಾಕಿ, ಕನ್ನಡಿ ತೋರಿಸಿ, “ನೋಡಬೇ ಮಲ್ಲಿ, ರಾಣಿ ಕಂಡಂಗ ಕಾಣ್ತಿ” ಅನ್ನುತ್ತಿದ್ದಳು. ಆದರೂ ಆಯಿ ಅಷ್ಟು ಗುಮಾನಿ ಪಡುವಾಗ ಏನಾದರೂ ಇರಬೇಕು ಎಂದು ನನಗೂ ಒಳಗೊಳಗೆ ಅನಿಸುತ್ತಿತ್ತು. ಹತ್ತು ವರ್ಷದ ಹುಡುಗಿಗೆ ಸಂಶಯ ಬಲು ಬೇಗ ಅಂಟುತ್ತದೆ.

ಆ ವರ್ಷದ ಎಳ್ಳಮಾವಾಸ್ಯೆ. ಅಪ್ಪ, ಅವ್ವ, ಕಾಕಾ ಪಾತ್ರೆಗಳನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ರಸ್ತೆ ಹಿಡಿದು ಹೋದರು. ಭೂತಾಯಿಗೆ ಎಡೆಯೆಂದು ಹೊಲದಲ್ಲಿ ಚೆಲ್ಲುವ ಚರಗದ ಗಡಿಗೆ ಗಾಡಿ ಹತ್ತಬಾರದು, ಮನೆಯ ಹೆಣ್ಣುಮಕ್ಕಳೇ ನಡೆದು ಒಯ್ಯಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ಹಾಗಾಗಿ ಆಯಿ, ನಾನು, ಹಿಂದೆ ಆ ಗಡಿಗೆಯ ಬುಟ್ಟಿ ಹೊತ್ತ ಚಿಗವ್ವ ಹುದಲಿಗಿಳಿದೆವು. ಬುಟ್ಟಿಯಿಂದ ಭಜ್ಜಿಯ ಘಮ, ಸಜ್ಜಿ ಕಡಬಿನ ಬಿಸಿ, ಗುರೆಳ್ಳು ಹಿಂಡಿಯ ವಾಸನೆ ಬರುತ್ತಿತ್ತು. ನನ್ನ ಬಾಯಲ್ಲಿ ನೀರು. ಚಿಗವ್ವ ಕೆಸರಿನಲ್ಲಿ ಕಾಲು ಹೂತಾಗಲೊಮ್ಮೆ “ಯವ್ವಾ!” ಎಂದು ನಗುತ್ತಿದ್ದಳು.

“ಹುದಲಿನಾಗ ನಗೂದಲ್ಲ. ಕಿವಿ ತೆರದಿಟ್ಟು ನಡಿಬೇಕು” ಎಂದು ಆಯಿ ಬೈದಳು.

“ನಕ್ರ ಸಪ್ಪಳ ಆಗ್ತದಲ್ರಿ ಅತ್ತಿ, ಹಾವು ಸರೀತಾವ.”

ಆಯಿ ಬಡಿಗೆಯಿಂದ ಆಪನ್ನು ಇನ್ನೂ ಜೋರಾಗಿ ಬಡಿದಳು. ಆ ಮಾತು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತ್ತು.

ಹೊಲದಲ್ಲಿ ಚರಗ ಚೆಲ್ಲಿ, ಜೋಳದ ಸಾಲಿನ ನೆರಳಿಗೆ ಕೂತು ಉಂಡೆವು. ನಾನು ಬೇವಿನ ಮರದ ಜೋಕಾಲಿ ಆಡಿ, ಹಸಿ ಜೋಳದ ಸೀತನಿ ತೆನೆ ಸುಟ್ಟು ತಿಂದು, ಬಾಯೆಲ್ಲ ಕಪ್ಪು ಮಾಡಿಕೊಂಡೆ. ಹೊತ್ತು ವಾಲಿದ ಮೇಲೆ ಮೂವರೂ ಅದೇ ದಾರಿಯಲ್ಲಿ ಹೊರಟೆವು.

ಅರ್ಧ ದಾರಿಗೆ ಆಯಿ ಗಕ್ಕನೆ ನಿಂತಳು. ಎಮ್ಮೆದಾರಿಗೆ ಅಡ್ಡವಾಗಿ ಕೆಸರಿನ ಮೇಲೆ ಒಂದು ಗೀರು, ಹಿಟ್ಟಿನ ಚೀಲ ಎಳೆದುಕೊಂಡು ಹೋದ ಹಾಗೆ. ಅದರ ಎರಡೂ ಮಗ್ಗುಲಿಗೆ ಪಂಜದ ಗುರುತು. ಮುಂಜಾನೆ ಅದು ಇರಲಿಲ್ಲ.

“ಹಸಿ ಅದ. ಈಗ ಹೋಗ್ಯಾದ” ಎಂದು ಆಯಿ ಪಿಸುಗುಟ್ಟಿದಳು. “ಈ ಹಾದಿ ಬ್ಯಾಡ. ಎಡಕ್ಕ ಬರ್ರಿ. ಅಲ್ಲೆ ಜಾಲಿ ಕೊರಡು ಅದ, ಅದರ ಮಗ್ಗಲಾಗ ನೆಲ ಗಟ್ಟಿ.”

ಆ ಜಾಲಿ ಕೊರಡು ಎಷ್ಟೋ ವರ್ಷದ ಹಿಂದೆ ನೆರೆಯಲ್ಲಿ ತೇಲಿಬಂದು ಕೆಸರಿನಲ್ಲಿ ಸಿಕ್ಕಿಕೊಂಡದ್ದು. ನಾನು ಅದರ ಮೇಲೆ ಕೂತದ್ದೂ ಉಂಟು. ಆಯಿ ಬಡಿಗೆ ಚುಚ್ಚುತ್ತ ಅದರ ಹತ್ತಿರ ಹೋದಳು. ಇನ್ನೇನು ಅದರ ಪಕ್ಕ ಕಾಲಿಡಬೇಕು, ಅಷ್ಟರಲ್ಲಿ ಹಿಂದಿದ್ದ ಚಿಗವ್ವ ನನ್ನನ್ನು ದಾಟಿ ಹಾರಿದಳು. ಬುಟ್ಟಿ ಕೆಸರಿಗೆ ಬಿತ್ತು. ಆಯಿಯ ಕೊರಳ ಹಿಂದೆ ಕೈ ಹಾಕಿ, ಸೆರಗು, ರವಿಕೆ, ಸಿಕ್ಕಿದ್ದನ್ನೆಲ್ಲ ಹಿಡಿದು ಹಿಂದಕ್ಕೆ ಎಳೆದಳು. ಆಯಿ ಬೆನ್ನಡಿಯಾಗಿ ಕೆಸರಿಗೆ ಬಿದ್ದಳು. ನೀರಿನಲ್ಲಿ ಏನೋ ದಪ್ಪನೆ ಸಪ್ಪಳವಾಯಿತು, ಅಷ್ಟೇ. ನೋಡಿದರೆ ಕೊರಡು ಕೊರಡಿನ ಹಾಗೇ ಬಿದ್ದಿತ್ತು.

“ಹುಚ್ಚಿ! ಮುದಿಕೀನ ಕೊಲ್ಲಾಕ ಎಳದೇನ?” ಆಯಿ ಚೀರಿದಳು.

“ಕೊರಡು ಉಸರಾಡ್ತರಿ ಅತ್ತಿ.” ಚಿಗವ್ವನ ಮುಖದಲ್ಲಿ ನಗು ಇರಲಿಲ್ಲ. “ಖರೇನರಿ. ಅದರ ಮಗ್ಗಲಾಗ ಇನ್ನೊಂದು ಇತ್ತು. ಅದು ಉಸರಾಡ್ತು.”

“ನನಗ ಹೇಳ್ತಿ? ಈ ಕೊರಡು ನಾ ನಿನ್ನಕಿಂತ ಹೆಚ್ಚ ಕಂಡೀನಿ.”

ಬಂದ ದಾರಿಗೇ ಹಿಂದೆ ಸರಿದು, ಹೊಲದಿಂದ ಹೊರಟಿದ್ದ ಟ್ರ್ಯಾಕ್ಟರ್ ಹತ್ತಿ ಮನೆ ಸೇರಿದೆವು. ಬಚ್ಚಲಲ್ಲಿ ಮೈ ತೊಳೆಯುವಾಗ ಆಯಿಯ ದನಿ ಕೇಳಿತು. ಕೂಗಲ್ಲ, ಅಳುವಲ್ಲ, ಕರುಳು ಹಿಂಡಿದಂಥ ದನಿ. ಅವಳ ಕೊರಳಲ್ಲಿ ಗುಂಡಗಡಗಿ ಇರಲಿಲ್ಲ.

ಗುಂಡಗಡಗಿ ಅಂದರೆ ಇಷ್ಟಲಿಂಗವನ್ನು ಇಟ್ಟು ಶಿವದಾರದಿಂದ ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಗುಂಡನೆಯ ಕರಡಿಗೆ. ಆಯಿ ತೊಟ್ಟಿಲಲ್ಲಿದ್ದಾಗ ಗುರುಗಳು ಕಟ್ಟಿದ ಲಿಂಗ ಅದರೊಳಗಿತ್ತು. ದಿನಾ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಆಯಿ ಒಂದು ಹನಿ ನೀರು ಕುಡಿದವಳಲ್ಲ. ಜ್ವರ ಬಂದು ಮೈ ಸುಡುವಾಗಲೂ ಗುಳಿಗೆ ಪೂಜೆಯ ನಂತರವೇ.

“ನನ್ನ ಲಿಂಗ ಸಿಗೂತನಾ ಈ ಬಾಯಾಗ ನೀರ ಹಾಕಂಗಿಲ್ಲ” ಎಂದು ಹೇಳಿ ಆಯಿ ಕಂಬಕ್ಕೆ ಒರಗಿ ಕೂತಳು. ಆಮೇಲೆ ಎಲ್ಲರ ಎದುರಿಗೇ ಅಂದಳು, “ನನ್ನ ಕೊರಳಿಗಿ ಕೈ ಹಾಕಿದಾಕಿ ಒಬ್ಬಾಕೀನ. ಬೆಳ್ಳಿ ನೋಡಿದ್ರ ಯಾರಿಗಿ ಆಸಿ ಆಗಂಗಿಲ್ಲ?”

ಕಾಕಾ “ಯವ್ವಾ, ಏನ ಮಾತಾಡ್ತಿ?” ಎಂದ. ಚಿಗವ್ವ ಒಳಗೆ ಹೋಗಿ ತವರಿನಿಂದ ತಂದ ಟ್ರಂಕು ಎಳೆದುಕೊಂಡು ಬಂದಳು. ಪಡಸಾಲೆಯ ನಡುವೆ ಒಂದೊಂದೇ ಸೀರೆ ತೆಗೆದು, ಜಾಡಿಸಿ, ಹಾಸಿದಳು. ಒಳಲಂಗವನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಖಾಲಿ ಟ್ರಂಕನ್ನು ಆಯಿಯ ಮುಂದೆ ಬೋರಲು ಹಾಕಿದಳು. ಅದರಿಂದ ಒಂದು ಡಾಂಬರು ಗುಳಿಗೆ ಉರುಳಿತು. ಆ ವಾಸನೆ ಈಗಲೂ ಮೂಗಿಗೆ ಬಡಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಅವತ್ತಿನಿಂದ ಚಿಗವ್ವನೂ ಊಟ ಬಿಟ್ಟಳು.

ಮರುದಿನ ಅಪ್ಪ, ಕಾಕಾ ಬಿದಿರು ಗಳ ಹಿಡಿದು ಎಮ್ಮೆದಾರಿಯನ್ನೆಲ್ಲ ಕೆದಕಿ ಬರಿಗೈಯಲ್ಲಿ ಬಂದರು. ಕೊರಡಿನ ಕಡೆ ಹೋಗಲು ಆಗಿರಲಿಲ್ಲ. ಅದರ ಎದುರಿನ ದಂಡೆಯಲ್ಲಿ ಮೊಸಳೆ ಬಿಸಿಲು ಕಾಯಿಸುತ್ತ ಬಿದ್ದಿತ್ತಂತೆ. ಊರ ಅಯ್ಯನವರು ಬಂದು, “ಹೊಸ ಲಿಂಗ ಕಟ್ಟಿಸ್ಕೋಬಹುದಮ್ಮ, ದೋಷ ಇಲ್ಲ” ಎಂದು ಸಮಾಧಾನ ಹೇಳಿದರು.

“ಗಂಡ ಕಳದ್ರ ಹುಡಕೂ ಬದಲಿ ಹೊಸಾ ಗಂಡನ್ನ ಮಾಡ್ಕೋ ಅಂದಂಗಾತಲ್ರಿ ಅಯ್ಯನೋರ” ಎಂದಳು ಆಯಿ. ಪಾಪ, ಅಯ್ಯನವರು ಶಾಲು ಸರಿಮಾಡಿಕೊಂಡು ಎದ್ದು ಹೋದರು.

ಅದರ ಮರುದಿನ ಮುಂಜಾನೆ ಆಯಿಯ ತುಟಿ ಒಡೆದಿತ್ತು. ಮಾತಾಡಿದರೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಅವಳ ಗುರುಮಠದ ಸ್ವಾಮಿಗಳ ಮಾತಾದರೂ ಕೇಳುತ್ತಾಳೇನೋ ಎಂದು ಅಪ್ಪ, ಕಾಕಾ ಇಬ್ಬರೂ ಅವರನ್ನು ಕರೆತರಲು ಯಡ್ರಾಮಿ ಕಡೆ ಹೋದರು. ಅವರ ಗಾಡಿ ಮರೆಯಾಗುತ್ತಲೇ ಚಿಗವ್ವ ಸೀರೆ ಕಚ್ಚೆ ಕಟ್ಟಿ ಆಯಿಯ ಬಡಿಗೆ ತಗೊಂಡಳು.

“ಎಲ್ಲಿಗಿ?” ಎಂದಳು ಆಯಿ.

“ಹುದಲಿಗ್ರಿ. ನಾ ನಿಮ್ಮನ್ನ ಎಳದ ಜಾಗ ನನಗ ಗೊತ್ತದ.”

ಅವ್ವ ಕೈ ಹಿಡಿದು ತಡೆದಳು, ಆಗಲಿಲ್ಲ. ಆಯಿ ಗೋಡೆ ಹಿಡಿದು ಎದ್ದು ನಿಂತಳು. “ನಾನೂ ಬರ್ತೇನಿ.” ಸೊಸೆಯ ಮೇಲಿನ ಕಾಳಜಿಗೆ ಎದ್ದದ್ದಲ್ಲ ಅದು, ನನಗೆ ಗೊತ್ತಿತ್ತು. ಅವ್ವ ನನ್ನ ಸಾಲೆಯ ನೀರಿನ ಬಾಟಲಿ ತುಂಬಿ ನನ್ನ ಕೊರಳಿಗೆ ಹಾಕಿ, “ಆಯಿ ಕೈ ಬಿಡಬ್ಯಾಡ” ಎಂದು ಕಳಿಸಿದಳು, ತಾನು ಓಣಿಯ ಗಂಡಸರನ್ನು ಕರೆಯಲು ಓಡಿದಳು. ದಾರಿಯಲ್ಲಿ ಆಯಿ ನನ್ನ ಕಿವಿಯಲ್ಲಿ ಉಸುರಿದಳು. “ಮಲ್ಲಿ, ಆಕಿ ಕೈ ನೋಡ್ಕೋತ ಇರು. ಸೆರಗಿನಾಗಿಂದ ತಗದು ಕೆಸರಿನಾಗ ಸಿಕ್ಕಂಗ ಮಾಡ್ತಾಳ. ನಿನ್ನ ಕಣ್ಣು ತಪ್ಪಬಾರದು.”

ನಾನು ಹೂಂ ಅಂದೆ.

ಒಡ್ಡಿನ ಮೇಲೆ ನಿಂತು ನೋಡಿದೆವು. ಎದುರು ದಂಡೆಯ ಉಸುಕಿನಲ್ಲಿ ಅದು ಮಲಗಿತ್ತು. ಎತ್ತಿನ ಗಾಡಿಯ ಮೂಕಿಯಷ್ಟು ಉದ್ದ, ಬಾಯಿ ಸ್ವಲ್ಪ ತೆರೆದಿತ್ತು. ನಾನು ಮೊದಲ ಸಲ ಕಂಡದ್ದು. ನನಗೆ ಉಚ್ಚೆ ಬಂದಂತಾಯಿತು.

“ಕಾಣೂ ಮೊಸಳಿಗಿ ಅಂಜಬಾರದು, ಕಾಣಲಾರದ್ದಕ್ಕ ಅಂಜಬೇಕು” ಎಂದಳು ಆಯಿ, ಒಣಗಿದ ದನಿಯಲ್ಲಿ. “ನಾ ಅದರ ಮ್ಯಾಲಿಂದ ಕಣ್ಣು ತಗ್ಯಂಗಿಲ್ಲ. ಅದು ನೀರಿಗಿ ಇಳದ್ರ ಕೂಗ್ತೇನಿ. ಕೂಗಿದ್ರ ಹಿಂದ ನೋಡಲಾರದ ಬಾ.”

ಚಿಗವ್ವ ಅವಳ ಮುಖವನ್ನೇ ನೋಡಿದಳು. “ಕೂಗ್ತೀರಲ್ರಿ, ಅತ್ತಿ?”

“ಕೂಗ್ತೇನಿ ಅಂದ್ನೆಲ್ಲ.”

ಆ ಗಳಿಗೆಯಲ್ಲಿ ನನಗೆ ಬಂದ ಸಂಶಯ ನನ್ನ ಜನ್ಮದ ಸಂಶಯಗಳಲ್ಲೆಲ್ಲ ಕೆಟ್ಟದ್ದು. ಆಯಿ ಕೂಗದಿದ್ದರೆ? ಯಾರಿಗೆ ತಿಳಿಯುತ್ತದೆ?

ಚಿಗವ್ವ ಇಳಿದಳು. ಆಯಿ ಕಲಿಸಿದ್ದನ್ನು ಒಂದೂ ಬಿಡಲಿಲ್ಲ. ಮೊದಲು ಬಡಿಗೆ, ಆಮೇಲೆ ಕಾಲು. ಆಪು ಬಡಿದಳು, ನಿಂತಳು, ಕಿವಿಗೊಟ್ಟಳು, ಮತ್ತೆ ನಡೆದಳು. ನಾನು ಅವಳ ಕೈಯಿಂದ ಕಣ್ಣು ತೆಗೆಯಲಿಲ್ಲ. ಬಲಗೈಯಲ್ಲಿ ಬಡಿಗೆ, ಎಡಗೈ ಬರಿದು. ಕೊರಡಿನ ಹತ್ತಿರ ಬಗ್ಗಿ ಕೆಸರಿನಲ್ಲಿ ಕೈಯಾಡಿಸಿದಳು. ಎತ್ತಿದರೆ ಕೆಸರು, ಮತ್ತೆ ಎತ್ತಿದರೆ ಬೇರು. ಸೆರಗಿನ ಹತ್ತಿರ ಕೈ ಒಯ್ಯಲೇ ಇಲ್ಲ.

ಪಕ್ಕದಲ್ಲಿ ಒಂದು ವಿಚಿತ್ರ ಸಪ್ಪಳ ಕೇಳಿತು. ತಿರುಗಿದೆ. ಆಯಿ ಬಾಯಿ ತೆರೆದಿದ್ದಳು. ಕೊರಳ ನರ ಉಬ್ಬಿತ್ತು, ಕಣ್ಣು ಹೊರಗೆ ಬಂದಿದ್ದವು. ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ. ನೀರಿಲ್ಲದೆ ಒಣಗಿದ ಗಂಟಲಿಗೆ ದನಿ ಹೊರಡುತ್ತಿರಲಿಲ್ಲ. ಅವಳಿಗೆ ಏನಾಯಿತು ಎಂದೇ ನನಗೆ ಗಾಬರಿ. ಉಸುಕಿನ ಕಡೆ ನೋಡುವ ಬುದ್ಧಿಯೂ ಬರಲಿಲ್ಲ.

ಆಯಿ ನನ್ನ ಕೊರಳಿನ ಬಾಟಲಿಗೆ ಕೈ ಹಾಕಿದಳು. ಪಟ್ಟಿ ನನ್ನ ಕತ್ತು ಕೊಯ್ಯುವಂತೆ ಎಳೆದು, ಮುಚ್ಚಳ ಕಿತ್ತು, ಗಟಗಟ ಕುಡಿದಳು. ನೀರು ಗದ್ದದಿಂದ ಇಳಿದು ಲಿಂಗವಿಲ್ಲದೆ ಬರಿದಾದ ಎದೆಯ ಮೇಲೆ ಸುರಿಯಿತು. ಮರುಕ್ಷಣ ಹುದಲೆಲ್ಲ ನಡುಗುವಂತೆ ಕೂಗಿದಳು.

“ನೀಲಾ! ಇಳೀತು! ಬಾ ಬೇ! ಲಿಂಗ ಹಾಳಾಗಲಿ, ನೀ ಬಾ!”

ನಾನು ತಿರುಗಿ ನೋಡಿದೆ. ಉಸುಕು ಬರಿದಾಗಿತ್ತು. ಚಿಗವ್ವ ತಲೆ ಎತ್ತಿದಳು, ಎರಡೂ ಕೈ ನನಗೆ ಕಂಡವು. ಬಡಿಗೆ ಇತ್ತು, ಇನ್ನೊಂದು ಕೈ ಖಾಲಿ ಇತ್ತು. ಆದರೆ ಅವಳು ಆಗಲೇ ಓಡಲಿಲ್ಲ. ಜಾಲಿ ಕೊರಡಿನ ಮುಳ್ಳಿನ ಕಡೆ ಒಮ್ಮೆ ಚಾಚಿ, ಏನೋ ಕಿತ್ತು, ಆಮೇಲೆ ಬಂದಳು. ಕೆಸರು ಅವಳ ಕಾಲನ್ನು ಹಿಡಿಯುತ್ತಿತ್ತು, ಅವಳು ಬಿಡಿಸಿಕೊಂಡು ಬರುತ್ತಿದ್ದಳು. ಆಯಿ ಒಡ್ಡಿನಿಂದ ಇಳಿದು, ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಕೈ ಕೊಟ್ಟು ಎಳೆದುಕೊಂಡಳು. ಇಬ್ಬರೂ ಒಡ್ಡಿನ ಮೇಲೆ ಬಿದ್ದರು.

ಹಿಂದೆ ಕೊರಡಿನ ಮಗ್ಗುಲಿಗೆ ಇನ್ನೊಂದು ಕೊರಡು ಸುಮ್ಮನೆ ಮೇಲೆದ್ದಿತು. ಅದಕ್ಕೆ ಎರಡು ಕಣ್ಣಿದ್ದವು. ಆಯಿ ಅದನ್ನು ಬಹಳ ಹೊತ್ತು ನೋಡಿದಳು.

ಚಿಗವ್ವ ಮುಷ್ಟಿ ಬಿಚ್ಚಿದಳು. ಹರಿದ ಶಿವದಾರ, ಕೆಸರು ಮೆತ್ತಿದ ಗುಂಡಗಡಗಿ. ಆಯಿ ಕೈ ಚಾಚಿದವಳು ಹಾಗೇ ಹಿಂದಕ್ಕೆ ತಗೊಂಡಳು. ಬಾಟಲಿಯ ಕಡೆ ನೋಡಿ ಅವಳ ಮುಖ ಸುಟ್ಟ ಬದನೆಕಾಯಿಯ ಹಾಗೆ ಸುಕ್ಕಾಯಿತು.

“ನೀರ ಕುಡದ್ನೆಲ್ಲೇ ಯವ್ವಾ. ಲಿಂಗ ಇಲ್ಲದ ಬಾಯಿಗಿ ನೀರ ಹಾಕ್ದೆ. ಇಷ್ಟ್ ವರ್ಷದ್ದು ಎಲ್ಲಾ ಹಾಳ ಮಾಡ್ಕೊಂಡೆ” ಎಂದು ಹಣೆ ಬಡಿದುಕೊಂಡಳು. ಆಯಿ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಚಿಗವ್ವ ಏದುಸಿರು ಬಿಡುತ್ತ ಅವಳ ಕೈ ಹಿಡಿದಳು. “ಇಲ್ರಿ ಅತ್ತಿ. ನೀವು ನೀರ ಕುಡಿಯೂದ್ರಾಗ ನನಗ ಸಿಕ್ಕಿತ್ತು. ಲಿಂಗ ಆಗಲೇ ನನ್ನ ಕೈಯಾಗ ಇತ್ತು. ಸಿಗೂತನಾ ಕುಡ್ಯಂಗಿಲ್ಲ ಅಂದಿದ್ರಿ, ಸಿಕ್ಕ ಮ್ಯಾಲ ಕುಡದೀರಿ. ನಿಮ್ಮ ನೇಮ ಕೆಟ್ಟಿಲ್ಲ.”

“ಹೌದೇನ?”

“ಹೌದ್ರಿ.”

ಆಯಿ ಅವಳ ಮುಖ ನೋಡಿದಳು. ಹಾಲಿಗೆ ನೀರು ಬೆರೆಸಿದ್ದನ್ನು ಬೆರಳ ತುದಿಯಲ್ಲಿ ಹಿಡಿಯುವವಳು, ಮೂಸಿಯೇ ಬೆಲ್ಲದ ಹಕೀಕತ್ತು ಹೇಳುವವಳು, ಆ ಕೆಸರು ಮುಖವನ್ನು ಹಣೆಯಿಂದ ಗದ್ದದವರೆಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕೈ ನೋಡ್ಕೋತ ಇರು ಎಂದು ಹೇಳಿ ಕರೆತಂದವಳು ಅವಳೇ. ಆ ಕೈ ಖಾಲಿ ಇದ್ದದ್ದನ್ನು ಕಂಡವಳು ನಾನೊಬ್ಬಳೇ. ಈಗ ಕೇಳುತ್ತಾಳೆ, ಏನು ಹೇಳಲಿ?

“ಬಾಟಲಿ ಮುಚ್ಚಳ ಹಾಕಬೇ ಮಲ್ಲಿ, ನೀರ ಚೆಲ್ಲಾಕತ್ತದ” ಎಂದಳು ಆಯಿ.

ಅಷ್ಟೇ. ಆಮೇಲೆ ಚಿಗವ್ವನ ಅಂಗೈಯಿಂದ ಗುಂಡಗಡಗಿ ತಗೊಂಡು ಕಣ್ಣಿಗೊತ್ತಿಕೊಂಡಳು. ಅವ್ವ ಕರೆದ ಗಂಡಸರು ದಾರಿಯಲ್ಲಿ ಎದುರಾದಾಗ ಎಲ್ಲ ಮುಗಿದಿತ್ತು. ಮನೆಗೆ ಹೋಗುವಾಗ ಮುಂದೆ ಚಿಗವ್ವ ಬಡಿಗೆ ಹಿಡಿದು ನಡೆದಳು, ಆಯಿ ಅವಳ ಹೆಜ್ಜೆಯಲ್ಲಿ ಹೆಜ್ಜೆ ಇಟ್ಟಳು. ಪೂಜೆ ಮುಗಿಸಿ, ಚಿಗವ್ವ ಕಾಸಿದ ಅಂಬಲಿಯನ್ನು ರುಚಿ ನೋಡದೆ ಒಮ್ಮೆಲೇ ಕುಡಿದಳು.

ಈಗ ಆ ಹುದಲು ಇಲ್ಲ. ಗರಸು ಮಣ್ಣು ಹಾಕಿ ಎತ್ತರಿಸಿ ಹೊಳೆಯ ಅಂಚಿನವರೆಗೂ ಕಬ್ಬು ಹಚ್ಚಿದ್ದಾರೆ. ಆಪಿಲ್ಲ, ಬೆಳ್ಳಕ್ಕಿ ಇಲ್ಲ, ನಡೆದು ಹೋಗುವವರೂ ಇಲ್ಲ, ಎಳ್ಳಮಾವಾಸ್ಯೆಗೆ ಚರಗದ ಗಡಿಗೆಯೂ ಕಾರಿನಲ್ಲಿ ಬರುತ್ತದೆ. ಮೊಸಳೆ ನನ್ನ ಮೊಬೈಲಿಗೆ ಬರುತ್ತದೆ, ಯಾರೋ ಕಳಿಸಿದ ವಿಡಿಯೋದಲ್ಲಿ. ಇದು ಭೀಮೆಯದೋ, ಬೇರೆ ಯಾವ ದೇಶದ್ದೋ ಎಂದು ನಾನು ದೊಡ್ಡದು ಮಾಡಿ ಮಾಡಿ ನೋಡುತ್ತೇನೆ. ಆಯಿ ಹೋದಾಗ ಅವಳ ಅಂಗೈಯಲ್ಲಿ ಲಿಂಗ ಇಟ್ಟು ಬೆರಳು ಮಡಚಿದವಳು ಚಿಗವ್ವ. ಅದು ಅವಳ ಜೊತೆಗೇ ಮಣ್ಣಿಗೆ ಹೋಯಿತು.

ಆಯಿಯ ಶಕ್ಕು, ಆ ಸಂಶಯದ ಬುದ್ಧಿ ಮಾತ್ರ ನನ್ನ ಪಾಲಿಗೆ ಪೂರಾ ಬಂದಿದೆ. ಬಾಗಿಲಿಗೆ ಕ್ಯಾಮೆರಾ ಹಾಕಿಸಿದ್ದೇನೆ. ಮಗಳು ಸಾಲೆಯಿಂದ ತಡವಾಗಿ ಬಂದು ಬಸ್ಸು ಸಿಗಲಿಲ್ಲ ಎಂದರೆ, ಮಾತು ಕೇಳುವ ಮೊದಲು ಅವಳ ಕೈ ನೋಡುತ್ತೇನೆ. ಮೊನ್ನೆಯೂ ನೋಡಿದೆ. ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ತಿಳಿಯಿತು, ಯಾಕೆ ಹೇಳುತ್ತಿದ್ದಾಳೆ ಎಂದೂ ತಿಳಿಯಿತು. ಗೆಳತಿಯನ್ನು ಉಳಿಸಲು ಹೇಳಿದ ಸುಳ್ಳು ಅದು. ಆದರೂ ಪೂರಾ ಬಾಯಿ ಬಿಡಿಸುವವರೆಗೆ ನಾನು ಬಿಡಲಿಲ್ಲ. ಅವಳು ಅಳುತ್ತ ಒಳಗೆ ಹೋದಳು. ಮೇಜಿನ ಮೇಲೆ ಅವಳ ನೀರಿನ ಬಾಟಲಿ ತೆರೆದೇ ಇತ್ತು. ನಾನು ಎದ್ದು ಅದರ ಮುಚ್ಚಳ ಹಾಕಿದೆ.